25 ನಿಮಿಷದ ಎಕ್ಸ್-ರೇ

ದೇರಳಕಟ್ಟೆಯ ಎ.ಬಿ. ಶೆಟ್ಟಿ ದಂತ ಕಾಲೇಜು ಶುರುವಾದದ್ದು 1985ರಲ್ಲಿ, ಮಂಗಳೂರಿನ ಮಣಿಪಾಲ ದಂತ ಕಾಲೇಜು 1987ರಲ್ಲಿ. ಆಮೇಲೆ ಯೆನೆಪೋಯ, ಎ.ಜೆ. ಬಂದವು. ಕಾಸರಗೋಡು, ಪುತ್ತೂರು ಕಡೆಯವರೂ ಹಲ್ಲುನೋವೆಂದರೆ ಇಲ್ಲಿಗೆ ಬರುವ ಬಸ್ಸು ಹತ್ತುತ್ತಾರೆ. ಬಂದವರ ಕೈಗೊಂದು ಎಕ್ಸ್-ರೇ ಚೀಟಿ: ಐಓಪಿಎ ಅಥವಾ ಓಪಿಜಿ. ‘ರೇಡಿಯೇಶನ್ ಜಾಸ್ತಿಯಾ ಡಾಕ್ಟ್ರೇ?’ ಎಂಬ ಪ್ರಶ್ನೆ ಆಗಲೇ ಹುಟ್ಟುವುದು.

ಈ ಅಂಜಿಕೆಗೆ ಕಾರಣವಿತ್ತು. ವಿಜ್ಞಾನಿ ರಂಟ್‌ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಎರಡೇ ತಿಂಗಳಲ್ಲಿ ಜರ್ಮನಿಯ ದಂತವೈದ್ಯ ಒಟ್ಟೊ ವಾಲ್ಕಾಫ್ ತನ್ನದೇ ಬಾಯೊಳಗೆ ಪುಟ್ಟ ಗಾಜಿನ ಫಲಕವಿಟ್ಟುಕೊಂಡು 25 ನಿಮಿಷ ಕಿರಣಕ್ಕೆ ಮುಖವೊಡ್ಡಿದ. ನ್ಯೂ ಆರ್ಲಿಯನ್ಸಿನ ದಂತವೈದ್ಯ ಎಡ್ಮಂಡ್ ಕೆಲ್ಸ್, ಯಂತ್ರ ಸರಿಯಾಗಿದೆಯೇ ಎಂದು ತಿಳಿಯಲು ತನ್ನ ಕೈಯನ್ನೇ ಅಡ್ಡ ಹಿಡಿಯುತ್ತಿದ್ದ. ಕ್ಯಾನ್ಸರ್ ಮೊದಲು ಬೆರಳುಗಳನ್ನು, ಆಮೇಲೆ ತೋಳನ್ನು ಕಿತ್ತುಕೊಂಡಿತು. 1928ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ಬಾಸ್ಟನ್ನಿನ ದಂತವೈದ್ಯ ವಿಲಿಯಂ ರೋಲಿನ್ಸ್ 1901ರಲ್ಲೇ ಗಿನಿಯಿಲಿಗಳ ಮೇಲೆ ಪ್ರಯೋಗ ಮಾಡಿ, ಈ ಕಿರಣ ಕೊಲ್ಲಬಲ್ಲದು, ಸೀಸದ ತಡೆ ಬೇಕು ಎಂದು ಬರೆದಿದ್ದ. ಆತನ ಮಾತಿಗೆ ಕಿವಿಗೊಟ್ಟವರು ಕಡಿಮೆ.

ಫಿಲ್ಮ್ ಚುರುಕಾದಂತೆ ಕಿರಣದ ಹೊತ್ತು ಇಳಿಯಿತು. ಒಂದೆರಡು ಹಲ್ಲನ್ನು ಬೇರಿನ ತುದಿಯವರೆಗೂ ತೋರಿಸುವ, ಬಾಯೊಳಗಿಡುವ ಚಿಕ್ಕ ಚಿತ್ರವೇ ಐಓಪಿಎ. ಓಪಿಜಿ ಫಿನ್ಲೆಂಡಿನ ದಂತವೈದ್ಯ ಪಾಟೆರೊನ ಕೊಡುಗೆ: ಯಂತ್ರ ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ಹಿಡಿಯುತ್ತದೆ. 1987ರಲ್ಲಿ ಫ್ರಾನ್ಸಿನಿಂದ ಆರ್‌ವಿಜಿ ಬಂತು. ಫಿಲ್ಮಿನ ಜಾಗಕ್ಕೆ ಸೆನ್ಸರ್. ಕತ್ತಲೆ ಕೋಣೆ, ಡೆವಲಪರ್, ಫಿಕ್ಸರ್‌ಗಳ ವಾಸನೆ ಕ್ಲಿನಿಕ್ಕುಗಳಿಂದ ಮೆಲ್ಲಗೆ ಮಾಯವಾಯಿತು.

ಈಗ ಲೆಕ್ಕ. ನೆಲ, ಗಾಳಿ, ಆಕಾಶದಿಂದಲೇ ನಮಗೆ ವರ್ಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್ ವಿಕಿರಣ, ಅಂದರೆ ದಿನಕ್ಕೆ ಆರೇಳು ಬರುತ್ತದೆ. ಇಂದಿನ ಒಂದು ಐಓಪಿಎ ಇದರ ಒಂದು ದಿನದ ಪಾಲನ್ನು ಸಾಮಾನ್ಯವಾಗಿ ಮೀರದು. ಓಪಿಜಿ ಕೆಲವು ದಿನಗಳಷ್ಟು. ಮೂರು ಆಯಾಮದ ಸಿಬಿಸಿಟಿ ಇವೆರಡಕ್ಕಿಂತ ಹೆಚ್ಚು. ಅದನ್ನು ಏಕೆ ಎಂದು ಕೇಳಿಯೇ ತೆಗೆಸಬೇಕು.

ರೋಗಿಗಿಂತ ಎಚ್ಚರ ಬೇಕಾದದ್ದು ದಿನವಿಡೀ ಗುಂಡಿ ಒತ್ತುವವರಿಗೆ. ಅವರು ಗೋಡೆಯ ಹಿಂದೆ ಸರಿಯುವುದು ಸುಮ್ಮನಲ್ಲ: ದೂರ ಎರಡರಷ್ಟಾದರೆ ಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜು ಅವರ ಮೈಗೆ ಸೇರಿದ್ದನ್ನು ಅಳೆಯುತ್ತದೆ. 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಯ ಮಿತಿ, ಐದು ವರ್ಷಗಳ ಸರಾಸರಿಯಲ್ಲಿ, ವರ್ಷಕ್ಕೆ 20 ಮಿಲಿಸೀವರ್ಟ್.

ಇನ್ನು ರೋಗಿಗೆ ತೊಡಿಸುವ ಆ ಭಾರದ ಸೀಸದ ಏಪ್ರನ್? ಕಿರಣದ ಅಗಲವನ್ನು ಸರಿಯಾಗಿ ಕಟ್ಟಿಹಾಕಿದರೆ ಏಪ್ರನ್, ಥೈರಾಯ್ಡ್ ಕಾಲರ್ ಎರಡೂ ಬೇಡವೆಂದು 2024ರಲ್ಲಿ ಅಮೆರಿಕದ ದಂತವೈದ್ಯರ ಸಂಘವೇ ಹೇಳಿಬಿಟ್ಟಿದೆ. ಓಪಿಜಿಯಲ್ಲಂತೂ ಕಾಲರ್ ಅಡ್ಡ ಬಂದರೆ ಚಿತ್ರ ಕೆಟ್ಟು ಮತ್ತೊಮ್ಮೆ ತೆಗೆಯಬೇಕು. ಆಗ ಡೋಸ್ ಎರಡು ಪಟ್ಟು.