ಹಳೆಯ ಲಾರಿಯ ಡೀಸೆಲ್ ಪಂಪು: ಟೈಮಿಂಗ್ ಕೂರಿಸುವ ಬಗೆ

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ; ಆಗ ನೋಜಲ್ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಷ್ಟು ಡೀಸೆಲ್, ಯಾವ ಕ್ಷಣಕ್ಕೆ ಎಂಬುದೆಲ್ಲ ಪಂಪಿನ ಕೆಲಸ. ಜರ್ಮನಿಯ ಬಾಷ್ ಕಂಪನಿ ಇಂಥ ಪಂಪನ್ನು 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. ನಮ್ಮ ಹಳೆಯ ಲಾರಿಗಳಲ್ಲಿ ಬಹಳಷ್ಟಕ್ಕೆ ಬೆಂಗಳೂರಿನ ಆಡುಗೋಡಿಯ ಮೈಕೋ ಪಂಪೇ ಇತ್ತು. ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಮೈಕೋ ಎಂಬ ಹೆಸರು ಮಾಸಿಲ್ಲ.

ಡೀಸೆಲ್ ಒಳಬಿದ್ದ ಕೂಡಲೇ ಹೊತ್ತುವುದಿಲ್ಲ. ಹನಿಗಳು ಆವಿಯಾಗಿ ಗಾಳಿಯೊಡನೆ ಬೆರೆಯಲು ಸುಮಾರು ಒಂದು ಮಿಲಿಸೆಕೆಂಡು ಬೇಕು. ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಅಷ್ಟರಲ್ಲೇ ಕ್ರ್ಯಾಂಕ್ 9 ಡಿಗ್ರಿ ಮುಂದೆ ಹೋಗಿರುತ್ತದೆ. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವ ಮೊದಲೇ ಡೀಸೆಲ್ ಬಿಡಬೇಕಾಗುತ್ತದೆ. ಎಷ್ಟು ಡಿಗ್ರಿ ಮೊದಲು ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ; ಅದನ್ನು ತಯಾರಕರ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಡೀಸೆಲ್ ಬಿಡುವ ಈ ಕ್ಷಣ, ಅಂದರೆ ಟೈಮಿಂಗ್, ಹಿಂದೆ ಬಿದ್ದರೆ ಬೆಂಕಿ ತಡವಾಗಿ ಹತ್ತುತ್ತದೆ. ಏರಿನಲ್ಲಿ ಎಳೆತ ಕುಗ್ಗುತ್ತದೆ, ಹೊಗೆ ಹೆಚ್ಚುತ್ತದೆ, ಶಾಖವೆಲ್ಲ ಸೈಲೆನ್ಸರ್ ಕಡೆಗೆ ಹೋಗುತ್ತದೆ. ತೀರಾ ಮುಂದಾದರೆ ಮೇಲೇರುತ್ತಿರುವ ಪಿಸ್ಟನ್ನಿಗೇ ಸ್ಫೋಟ ಎದುರಾಗಿ ಎಂಜಿನ್ ಕುಟ್ಟುತ್ತದೆ. ಆ ಗಡಸು ಸದ್ದನ್ನು ಶಕ್ತಿಯೆಂದು ನಂಬಿ ಕಿವಿಯ ಅಂದಾಜಿನಲ್ಲೇ ಪಂಪು ತಿರುಗಿಸುವ ಅಭ್ಯಾಸ ಕೆಟ್ಟದ್ದು; ಅದರ ಬೆಲೆಯನ್ನು ಬೇರಿಂಗು, ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್ಟು ತೆರುತ್ತವೆ.

ಇನ್‌ಲೈನ್ ಪಂಪಿನ ಟೈಮಿಂಗನ್ನು ಹನಿ ನೋಡಿ ಕೂರಿಸುತ್ತಾರೆ. ಮೊದಲು ಒಂದನೇ ಸಿಲಿಂಡರನ್ನು ಕಂಪ್ರೆಷನ್ನಿಗೆ ತರಬೇಕು. ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಆರನೆಯದರ ಎರಡೂ ವಾಲ್ವ್‌ಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ಇದ್ದರೆ ಒಂದನೆಯದು ಕಂಪ್ರೆಷನ್ನಿನ ತುದಿಯಲ್ಲಿದೆ ಎಂದರ್ಥ. ಅಲ್ಲಿಂದ ಫ್ಲೈವೀಲನ್ನು ಟೈಮಿಂಗ್ ಗುರುತು ದಾಟುವಷ್ಟು ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಗೇರಿನ ಹಲ್ಲುಗಳ ಸಡಿಲವನ್ನು ಕಳೆಯಲು ಇದು ಬೇಕು. ಪಂಪಿನ ಒಂದನೇ ಪೈಪು ಬಿಚ್ಚಿ, ಹೋಲ್ಡರಿನೊಳಗಿನ ಡೆಲಿವರಿ ವಾಲ್ವ್ ಮತ್ತು ಸ್ಪ್ರಿಂಗನ್ನು ತೆಗೆದು, ಹೋಲ್ಡರನ್ನು ಮರಳಿ ಕೂರಿಸಿ ಬಾಗಿದ ಸಣ್ಣ ಕೊಳವೆ ಹಾಕಬೇಕು. ಡೀಸೆಲಿನ ಪ್ರಮಾಣ ಹೊಂದಿಸುವ ರ್ಯಾಕ್ ಪೂರ್ಣ ಡೀಸೆಲ್ ಕೊಡುವ ಸ್ಥಾನದಲ್ಲಿರಲಿ. ಸ್ಟಾಪ್‌ನಲ್ಲಿದ್ದರೆ ಹರಿವು ನಿಲ್ಲುವುದೇ ಇಲ್ಲ.

ಹ್ಯಾಂಡ್ ಪಂಪು ಒತ್ತಿದಾಗ ಕೊಳವೆಯಿಂದ ಡೀಸೆಲ್ ಧಾರೆಯಾಗಿ ಬರುತ್ತದೆ. ಫ್ಲೈವೀಲನ್ನು ಎಂಜಿನ್ ತಿರುಗುವ ದಿಕ್ಕಿಗೇ ಮೆಲ್ಲಗೆ ತಿರುಗಿಸುತ್ತ ಹೋದರೆ ಧಾರೆ ಸಣ್ಣಗಾಗಿ ಎಳೆಯಾಗುತ್ತದೆ, ಎಳೆ ಹನಿಯಾಗುತ್ತದೆ, ಕೊನೆಗೆ ಹನಿ ಕೊಳವೆಯ ತುದಿಗೆ ಅಂಟಿ ನಿಂತುಬಿಡುತ್ತದೆ. ಪ್ಲಂಜರ್ ಮೇಲೇರಿ ಡೀಸೆಲ್ ಬರುವ ರಂಧ್ರವನ್ನು ಮುಚ್ಚಿದ ಕ್ಷಣವದು. ಆಗ ಫ್ಲೈವೀಲಿನ ಗುರುತು ಕೈಪಿಡಿಯ ಡಿಗ್ರಿಗೆ ಸರಿಹೊಂದಿದರೆ ಟೈಮಿಂಗ್ ಸರಿಯಿದೆ. ಕೈತಪ್ಪಿ ಮುಂದೆ ಹೋದರೆ ಮತ್ತೆ ಹಿಂದಕ್ಕೆ ತಿರುಗಿಸಿ ಹೊಸದಾಗಿ ನೋಡಬೇಕು.

ಹೊಂದದಿದ್ದರೆ, ಉದ್ದ ರಂಧ್ರಗಳ ಕಪ್ಲಿಂಗಿನ ಅಥವಾ ಫ್ಲೇಂಜಿನ ಬೋಲ್ಟ್ ಸಡಿಲಿಸಬೇಕು. ಫ್ಲೇಂಜಿಗೆ ಕೂರುವ ಪಂಪಿನ ಮೈಯನ್ನು ಅದರ ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿದರೆ ಟೈಮಿಂಗ್ ಮುಂದಾಗುತ್ತದೆ. ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಇಲ್ಲಿನ ಒಂದು ಡಿಗ್ರಿ ಅಲ್ಲಿ ಎರಡಾಗುತ್ತದೆ, ಕೂದಲೆಳೆಯಷ್ಟೇ ಸರಿಸಬೇಕು. ಬೋಲ್ಟ್ ಬಿಗಿದ ಮೇಲೆ ಹನಿ ಪರೀಕ್ಷೆ ಮತ್ತೊಮ್ಮೆ ಆಗಲೇಬೇಕು, ಏಕೆಂದರೆ ಬಿಗಿಯುವಾಗಲೂ ಪಂಪು ಸರಿಯಬಹುದು.

ವಾಲ್ವ್ ಮರಳಿ ಹಾಕುವಾಗ ಹೊಸ ವಾಷರ್ ಬಳಸಿ, ಶುದ್ಧ ಡೀಸೆಲಿನಲ್ಲಿ ತೊಳೆದೇ ಕೂರಿಸಬೇಕು. ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್. ಬಟ್ಟೆಯ ನೂಲೂ ಅಲ್ಲಿ ತೊಂದರೆ ಕೊಡುತ್ತದೆ. ನಂತರ ಏರ್ ತೆಗೆದು ಸ್ಟಾರ್ಟ್ ಮಾಡಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು: ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ, ಹಾಗಾದರೆ ತಡಮಾಡದೆ ಆಸ್ಪತ್ರೆ ಸೇರಬೇಕು.

ಇಷ್ಟಾದರೂ ಹೊಗೆ ನಿಲ್ಲದಿದ್ದರೆ ನೋಜಲ್, ಏರ್ ಫಿಲ್ಟರ್, ಕಂಪ್ರೆಷನ್ ಪರೀಕ್ಷಿಸಬೇಕು. ಒಂದೊಂದು ಎಲಿಮೆಂಟ್ (ಪ್ಲಂಜರ್-ಬ್ಯಾರೆಲ್ ಜೋಡಿ) ಕೊಡುವ ಡೀಸೆಲಿನ ಅಳತೆ, ಅವುಗಳ ನಡುವಿನ ಅಂತರ, ಗವರ್ನರ್ ಇವೆಲ್ಲ ಟೆಸ್ಟ್ ಬೆಂಚಿನ ಮೇಲೆ ನೋಡುವ ಕೆಲಸ. ಅವುಗಳ ಸೀಲನ್ನು ಗ್ಯಾರೇಜಿನಲ್ಲಿ ಒಡೆಯಬಾರದು.