ಕೆಂಪು ವೈನ್ ಹೃದಯಕ್ಕೆ ಔಷಧವೇ?

ಬನಶಂಕರಿ ಎರಡನೆಯ ಹಂತದಲ್ಲಿ ವಾಸಿಸುವ ಹಿರಿಯ ಭಕ್ತರೊಬ್ಬರು ಈಚೆಗೆ ನಮ್ಮ ಮುಂದೆ ಒಂದು ಸಂದೇಹವನ್ನಿಟ್ಟರು. ಅವರಿಗೆ ಎಪ್ಪತ್ತರ ಸಮೀಪದ ವಯಸ್ಸು. ಮಧುಮೇಹ, ರಕ್ತದೊತ್ತಡ ಎರಡೂ ಇವೆ. ನಂದಿ ಬೆಟ್ಟದ ಕಡೆಗೆ ಹೋಗಿದ್ದ ಮಗ ಕೆಂಪು ವೈನಿನ ಬಾಟಲಿಯೊಂದನ್ನು ತಂದು, ‘ಅಪ್ಪಾಜಿ, ಇದು ದ್ರಾಕ್ಷಿಯ ರಸವಷ್ಟೆ. ರಾತ್ರಿ ಒಂದು ಲೋಟ ತೆಗೆದುಕೊಂಡರೆ ಹೃದಯಕ್ಕೆ ಒಳ್ಳೆಯದು’ ಎಂದನಂತೆ. ಜೀವಮಾನದಲ್ಲಿ ಮದ್ಯವನ್ನು ಮುಟ್ಟದ ಅವರು ಕೇಳಿದ್ದು ಇಷ್ಟೆ: ‘ಔಷಧವೆಂದು ಸೇವಿಸಬಹುದೇ?’ ಮಗನ ಅಕ್ಕರೆ ನಿಜವಾದದ್ದು. ಅವನ ಮಾತು ನಿಜವೇ ಎಂಬುದನ್ನು ಪರಿಶೀಲಿಸೋಣ.

ರಸವೂ ಮದ್ಯವೂ

ನಂದಿ ಬೆಟ್ಟದ ತಪ್ಪಲು ದ್ರಾಕ್ಷಿಗೆ ಹೆಸರಾದ ಸೀಮೆ. ಗ್ರೋವರ್ ಕುಟುಂಬವು ದೊಡ್ಡಬಳ್ಳಾಪುರದ ಬಳಿ ಫ್ರಾನ್ಸ್ ಮೂಲದ ತಳಿಗಳನ್ನು ಬೆಳೆದು ವೈನ್ ತಯಾರಿಕೆಗೆ ತೊಡಗಿದ್ದು 1980ರ ದಶಕದ ಕೊನೆಯಲ್ಲಿ. 2007ರಲ್ಲಿ ರಾಜ್ಯ ಸರ್ಕಾರವು ವೈನ್ ನೀತಿಯನ್ನು ಪ್ರಕಟಿಸಿದ ಮೇಲೆ ಈ ಉದ್ಯಮ ಇನ್ನಷ್ಟು ಬೆಳೆಯಿತು.

ಕೆಂಪು ವೈನ್ ತಯಾರಿಸುವಾಗ ಕಪ್ಪು ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜಗಳ ಸಮೇತ ಹುದುಗಲು ಬಿಡುತ್ತಾರೆ. ಸಿಪ್ಪೆಯಿಂದ ಬಣ್ಣವೂ ಒಗರೂ ರಸಕ್ಕೆ ಇಳಿಯುತ್ತವೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಹೀಗೆ ಸಿದ್ಧವಾದ ವೈನಿನಲ್ಲಿ ಸಾಮಾನ್ಯವಾಗಿ ಶೇಕಡ 12ರಿಂದ 14ರಷ್ಟು ಮದ್ಯಸಾರ ಇರುತ್ತದೆ. 150 ಮಿಲಿಲೀಟರಿನ ಒಂದು ಲೋಟದಲ್ಲಿ ಸುಮಾರು 15 ಗ್ರಾಂ. ಆದ್ದರಿಂದ ಅದು ದ್ರಾಕ್ಷಿಯಿಂದ ಹುಟ್ಟಿದ್ದು ನಿಜ, ದ್ರಾಕ್ಷಿಯ ರಸವೆಂಬುದು ನಿಜವಲ್ಲ.

ನಂಬಿಕೆಯ ಮೂಲ

ಫ್ರೆಂಚರು ಬೆಣ್ಣೆ, ಚೀಸುಗಳನ್ನು ಧಾರಾಳವಾಗಿ ತಿಂದರೂ ಅವರಲ್ಲಿ ಹೃದ್ರೋಗದ ಸಾವು ಕಡಿಮೆ. ಅದಕ್ಕೆ ವೈನ್ ಕಾರಣವಿರಬಹುದು ಎಂಬ ವಾದ 1990ರ ದಶಕದ ಆರಂಭದಲ್ಲಿ ಪ್ರಚಾರ ಪಡೆಯಿತು. ಮಿತವಾಗಿ ಕುಡಿಯುವವರ ಆರೋಗ್ಯ ಕುಡಿಯದವರಿಗಿಂತ ಉತ್ತಮವೆಂದು ಹಲವು ಅಧ್ಯಯನಗಳೂ ಹೇಳಿದವು. ಆದರೆ ಇಲ್ಲೊಂದು ದೋಷ ಅಡಗಿತ್ತು. ‘ಕುಡಿಯದವರು’ ಎಂಬ ಗುಂಪಿನಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿದ್ದರು. ಮಿತವಾಗಿ ವೈನ್ ಕುಡಿಯುವವರಲ್ಲಿ ಅನೇಕರು ಅನುಕೂಲಸ್ಥರು, ಒಳ್ಳೆಯ ಆಹಾರ, ವ್ಯಾಯಾಮಗಳಿಗೆ ಅವಕಾಶವುಳ್ಳವರು. ಈ ವ್ಯತ್ಯಾಸಗಳನ್ನು ಸರಿದೂಗಿಸಿ ನೋಡಿದಾಗ ವೈನಿನ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ.

ಸಿಪ್ಪೆಯಲ್ಲಿರುವ ರೆಸ್ವೆರಾಟ್ರಾಲ್ ಎಂಬ ವಸ್ತುವಿನ ಮಾತೂ ಹಾಗೆಯೇ. ಲೀಟರ್ ವೈನಿನಲ್ಲಿ ಅದು ಇರುವುದು ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಡುವ ಪ್ರಮಾಣ ಎಷ್ಟೋ ವೇಳೆ ನೂರಾರು ಮಿಲಿಗ್ರಾಂ. ಲೀಟರಿಗೆ 5 ಮಿಲಿಗ್ರಾಂ ಎಂದಿಟ್ಟುಕೊಂಡರೂ 250 ಮಿಲಿಗ್ರಾಂ ಪಡೆಯಲು 50 ಲೀಟರ್ ಬೇಕು!

ಅಪಾಯದ ಪಾಲು

ಮದ್ಯಸೇವನೆಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿದೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ನಮ್ಮ ಹಿರಿಯರಂಥವರಿಗೆ ಇನ್ನೂ ಒಂದು ಅಪಾಯವುಂಟು. ಇನ್ಸುಲಿನ್ ಅಥವಾ ಕೆಲವು ಮಧುಮೇಹದ ಮಾತ್ರೆಗಳ ಜೊತೆ ಮದ್ಯ ಸೇರಿದರೆ ರಕ್ತದ ಸಕ್ಕರೆ ರಾತ್ರಿವೇಳೆ ತೀರಾ ಕುಸಿಯಬಹುದು. ಬೆವರು, ತಡವರಿಕೆಗಳನ್ನು ಮನೆಯವರು ಅಮಲೆಂದು ತಪ್ಪಾಗಿ ತಿಳಿಯಬಹುದು. ನಿದ್ರೆಯ ಮಾತ್ರೆಗಳ ಜೊತೆ, ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆಗೂ ಅದು ಹಿತವಲ್ಲ. ದ್ರಾಕ್ಷಾರಿಷ್ಟ ಮೊದಲಾದ ಅರಿಷ್ಟಗಳಲ್ಲಿಯೂ ತಾನಾಗಿ ಹುಟ್ಟಿದ ಮದ್ಯಸಾರ ಇರುವುದರಿಂದ ಅವುಗಳನ್ನು ವೈದ್ಯರು ಹೇಳಿದ ಅಳತೆಯಲ್ಲೇ ತೆಗೆದುಕೊಳ್ಳಬೇಕು.

ಹಣ್ಣೇ ಮೇಲು

ಬೆಂಗಳೂರು ನೀಲಿ ದ್ರಾಕ್ಷಿ ನಮ್ಮ ಸೀಮೆಯದೇ ಬೆಳೆ. ಅದಕ್ಕೆ ಭೌಗೋಳಿಕ ಮಾನ್ಯತೆಯೂ ದೊರೆತಿದೆ. ಚೆನ್ನಾಗಿ ತೊಳೆದು ಸಿಪ್ಪೆಸಹಿತ ತಿಂದರೆ ಬಣ್ಣದ ಸತ್ತ್ವವೂ ನಾರೂ ದೊರೆಯುತ್ತವೆ, ಅಮಲಿಲ್ಲ. ಮಧುಮೇಹಿಗಳು ಸೋಸಿದ ರಸವನ್ನು ಬಿಟ್ಟು ಹಣ್ಣನ್ನೇ, ಹತ್ತು ಹನ್ನೆರಡರ ಮಿತಿಯಲ್ಲಿ, ವೈದ್ಯರನ್ನು ಕೇಳಿ ತಿನ್ನುವುದು ಲೇಸು. ಹೃದಯಕ್ಕೆ ನಿತ್ಯದ ನಡಿಗೆ, ಕಡಿಮೆ ಉಪ್ಪು, ತಪ್ಪದ ಮಾತ್ರೆಗಳೇ ನಂಬಿಕೆಯ ಆಸರೆ.

ಒಂದು ಎಚ್ಚರಿಕೆ: ಬಹುಕಾಲದಿಂದ ಹೆಚ್ಚಾಗಿ ಕುಡಿಯುತ್ತಿರುವವರು ಮನೆಯಲ್ಲೇ ಏಕಾಏಕಿ ನಿಲ್ಲಿಸಬಾರದು. ನಡುಕ, ಸೆಳವು ಬರಬಹುದು. ವೈದ್ಯರ ನೆರವಿನಿಂದಲೇ ಬಿಡಬೇಕು. ಅಂಥವರನ್ನು ಹಳಿಯದೆ ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.

ಆ ಹಿರಿಯರಿಗೆ ನಾವು ಹೇಳಿದ್ದು ಇದನ್ನೇ: ಮಗನ ಮೇಲೆ ಮುನಿಯಬೇಡಿ, ಬಾಟಲಿಯನ್ನು ತೆರೆಯಬೇಡಿ. ಮುಂದಿನ ಸಲ ನಂದಿಯಿಂದ ಬರುವಾಗ ಒಂದು ಬುಟ್ಟಿ ದ್ರಾಕ್ಷಿ ತರಲು ಹೇಳಿ. ಮನೆಮಂದಿಯೆಲ್ಲ ಕೂಡಿ ಸವಿಯಬಹುದು.