ಕೆಟ್ಟರೂ ಚಿಂತೆಯಿಲ್ಲದ ಪುಸ್ತಕ

ಎಂಜಿನಿಯರಿಂಗ್‌ಗೆ ಸೇರಿದ ಮೊದಲ ತಿಂಗಳಲ್ಲೇ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ 480 ರೂಪಾಯಿ ಕೊಟ್ಟು ಒಂದು ಸ್ಕೆಚ್‌ಬುಕ್ ತಂದಿದ್ದೆ. ಕಪ್ಪು ರಟ್ಟು, ಎಲಾಸ್ಟಿಕ್ ಪಟ್ಟಿ, ಕೆನೆಬಣ್ಣದ ದಪ್ಪ ಹಾಳೆ. ಕೈಯಲ್ಲಿ ಹಿಡಿದರೆ ನಾನೇ ದೊಡ್ಡ ಕಲಾವಿದನಂತೆ ಕಾಣಬೇಕು, ಹಾಗಿತ್ತು. ಮೊದಲ ಪುಟದಲ್ಲಿ ಹಾಸ್ಟೆಲ್ ಎದುರು ನಿಂತಿದ್ದ ಸೈಕಲ್ ಬಿಡಿಸಿದೆ. ಹಿಂದಿನ ಚಕ್ರ ಕೋಳಿಮೊಟ್ಟೆಯಂತಾಯಿತು. ಅಳಿಸಿದೆ, ಮತ್ತೆ ಬಿಡಿಸಿದೆ, ಮತ್ತೆ ಅಳಿಸಿದೆ. ಕೊನೆಗೆ ಆ ಹಾಳೆಯನ್ನೇ ಹರಿದು ಹಾಕಿದೆ. ಮರುದಿನ ಎರಡನೇ ಪುಟ ತೆರೆದಾಗ ಕೈ ಮುಂದಕ್ಕೆ ಹೋಗಲಿಲ್ಲ. ಇಷ್ಟು ದುಬಾರಿ ಹಾಳೆಯ ಮೇಲೆ ಬಿಡಿಸುವಷ್ಟು ಒಳ್ಳೆಯ ಚಿತ್ರ ನನ್ನ ಬಳಿ ಇರಲಿಲ್ಲ. ಪುಸ್ತಕ ಟ್ರಂಕಿನ ತಳ ಸೇರಿತು.

ಹಾಗೆಂದು ಗೀಚುವ ಚಟ ಎಲ್ಲಿ ಬಿಡುತ್ತದೆ? ನೋಟ್ಸ್‌ನ ಅಂಚು, ಬಸ್ ಟಿಕೆಟ್, ಇಂಟರ್ನಲ್ಸ್‌ನ ಪ್ರಶ್ನೆಪತ್ರಿಕೆಯ ಹಿಂಬದಿ, ಮೆಸ್ಸಿನ ಟಿಶ್ಯೂ ಪೇಪರ್ ಎಲ್ಲದರ ಮೇಲೂ ಗೀಚುತ್ತಿದ್ದೆ. ಅವೆಲ್ಲ ನಾಲ್ಕು ದಿನದಲ್ಲಿ ಕಸದ ಬುಟ್ಟಿಗೆ ಹೋಗುತ್ತಿದ್ದವು. ತಮಾಷೆ ಏನೆಂದರೆ, ಕಸಕ್ಕೆ ಹೋಗುವ ಆ ಚಿತ್ರಗಳೇ ಚೆನ್ನಾಗಿರುತ್ತಿದ್ದವು. ಅಲ್ಲಿ ಕೈಗೆ ಭಯ ಇರಲಿಲ್ಲ.

ಎರಡನೇ ಸೆಮಿಸ್ಟರ್ ಮುಗಿದ ದಿನ ಹಾಸ್ಟೆಲ್ ಕಾರಿಡಾರ್‌ನಲ್ಲಿ ಲ್ಯಾಬ್ ರೆಕಾರ್ಡ್‌ಗಳ ರಾಶಿ ಬಿದ್ದಿತ್ತು. ರದ್ದಿಯವನು ಬಂದು ಕೆ.ಜಿ. ಲೆಕ್ಕದಲ್ಲಿ ಒಯ್ಯುವುದಿತ್ತು. ಸುಮ್ಮನೆ ಒಂದನ್ನು ತಿರುವಿ ಹಾಕಿದೆ. ನಮ್ಮ ರೆಕಾರ್ಡ್ ನಿಮಗೂ ಗೊತ್ತಲ್ಲ? ಬಲಕ್ಕೆ ಗೆರೆ ಹಾಕಿದ ಪುಟ, ಎಡಕ್ಕೆ ಖಾಲಿ ಪುಟ. ಸರ್ಕ್ಯೂಟ್, ಗ್ರಾಫ್ ಬಿಡಿಸಲೆಂದೇ ಬಿಟ್ಟ ಜಾಗ ಅದು. ಹತ್ತು ಹನ್ನೆರಡು ಪ್ರಯೋಗ ಬರೆದ ಮೇಲೆ ಅರ್ಧ ಪುಸ್ತಕ ಹಾಗೆಯೇ ಉಳಿದಿರುತ್ತದೆ. ಬ್ಲೇಡ್ ತಂದು ಕುಳಿತೆ. ಒಂದು ಗಂಟೆಯಲ್ಲಿ ಇನ್ನೂರಕ್ಕೂ ಹೆಚ್ಚು ಹಾಳೆ ಸಿಕ್ಕಿತು. ರೂಮ್‌ಮೇಟ್, ‘ರದ್ದಿ ವ್ಯಾಪಾರ ಶುರು ಮಾಡಿದ್ಯಾ?’ ಎಂದು ನಕ್ಕ.

ನನ್ನ ಅಪ್ಪ ಬ್ಯಾಡಗಿಯಲ್ಲಿ ಟೈಲರ್. ಊರಿಂದ ಬರುವಾಗ ಅಂಗಿಯ ಗುಂಡಿ ಹಚ್ಚಿಕೊಳ್ಳಲೆಂದು ಸೂಜಿ, ದಪ್ಪ ದಾರ ಕೊಟ್ಟಿದ್ದರು. ಗುಂಡಿ ಹಚ್ಚಿದ್ದು ಕಡಿಮೆ, ಪುಸ್ತಕ ಹೊಲಿದದ್ದೇ ಹೆಚ್ಚು.

ಹೊಲಿಯುವ ಕ್ರಮ ಬಹಳ ಸರಳ. ಎ4 ಅಳತೆಯ ಎಂಟು ಹಾಳೆ ತೆಗೆದುಕೊಳ್ಳಿ. ಒಂದೊಂದನ್ನೂ ನಡುವೆ ಮಡಿಸಿ, ಒಂದರೊಳಗೊಂದು ಕೂರಿಸಿ. ಎಂಟು ಹಾಳೆಗೆ ಮೂವತ್ತೆರಡು ಪುಟ. ತಿಂಗಳ ಮೂವತ್ತೊಂದು ದಿನಕ್ಕೆ ದಿನಕ್ಕೊಂದು, ಹೆಸರು ಬರೆಯಲು ಇನ್ನೊಂದು. ಹೀಗೆ ತಿಂಗಳಿಗೊಂದು ಪುಸ್ತಕ. ಹೆಚ್ಚಿನ ಎ4 ಹಾಳೆಗಳಲ್ಲಿ ಕಾಗದದ ಎಳೆ ಉದ್ದಕ್ಕೆ ಇರುತ್ತದೆ, ನಾವು ಮಡಿಸುವುದು ಅಡ್ಡಕ್ಕೆ. ಅದಕ್ಕೇ ಮಡಿಕೆ ಸ್ವಲ್ಪ ಉಬ್ಬುತ್ತದೆ. ಚಮಚದ ಬೆನ್ನಿನಿಂದ ಒತ್ತಿ ಉಜ್ಜಿದರೆ ಕೂರುತ್ತದೆ. ಹೊದಿಕೆಗೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ ಸಾಕು.

ಮಡಿಕೆಯ ಮೇಲೆ ಕೈವಾರದ ಮೊನೆಯಿಂದ ಮೂರು ತೂತು ಮಾಡಿ. ನಟ್ಟನಡುವೆ ಒಂದು, ಮೇಲಿನ ಮತ್ತು ಕೆಳಗಿನ ತುದಿಯಿಂದ ನಾಲ್ಕು ಸೆಂಟಿಮೀಟರ್ ಬಿಟ್ಟು ಒಂದೊಂದು. ದಾರ ಪುಸ್ತಕದ ಎತ್ತರದ ಎರಡೂವರೆ ಪಟ್ಟು ಇರಲಿ. ಪುಸ್ತಕದ ಒಳಗಿನಿಂದ ನಡುವಿನ ತೂತಿನಲ್ಲಿ ಸೂಜಿಯನ್ನು ಹೊರಗೆ ತನ್ನಿ. ಮೇಲಿನ ತೂತಿನಿಂದ ಒಳಗೆ ಹೋಗಿ. ಒಳಗೆ ನಡುವಿನ ತೂತನ್ನು ಬಿಟ್ಟು ಸೀದಾ ಕೆಳಗಿನ ತೂತಿಗೆ ಇಳಿದು ಹೊರಗೆ ಬನ್ನಿ. ಮತ್ತೆ ನಡುವಿನ ತೂತಿನಿಂದ ಒಳಗೆ. ಈಗ ದಾರದ ಎರಡು ತುದಿಗಳು ಒಳಗಿನ ಉದ್ದ ದಾರದ ಆಚೆ ಈಚೆ ಇರಬೇಕು. ಆ ಉದ್ದ ದಾರವನ್ನು ನಡುವೆ ಹಿಡಿದು ಗಂಟು ಹಾಕಿದರೆ ಮುಗಿಯಿತು. ದಾರವನ್ನು ಮೊದಲೇ ಮೇಣದ ಬತ್ತಿಗೆ ಎರಡು ಸಲ ಉಜ್ಜಿಕೊಂಡರೆ ಸಿಕ್ಕಾಗುವುದಿಲ್ಲ. ಈ ಮೇಣದ ವಿಷಯ ನನಗೆ ತಡವಾಗಿ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ರೆಕಾರ್ಡ್ ಹಾಳೆಯಾದರೆ ಒಂದು ಉಪಾಯವಿದೆ. ಎಂಟು ಹಾಳೆಗಳಲ್ಲಿ ಒಂದರ ಖಾಲಿ ಮುಖ ಮೇಲೆ, ಮುಂದಿನದರ ಖಾಲಿ ಮುಖ ಕೆಳಗೆ, ಹೀಗೆ ಬದಲಿಸುತ್ತ ಜೋಡಿಸಿ. ಆಗ ಎದುರುಬದುರು ಎರಡೂ ಖಾಲಿ ಪುಟ, ಮುಂದೆ ಎದುರುಬದುರು ಎರಡೂ ಗೆರೆಯ ಪುಟ ಬರುತ್ತವೆ. ಹಾಳೆ ಮಡಿಸಿದ್ದರಿಂದ ಅಡ್ಡಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಅವುಗಳ ಮೇಲೆ ಮಳೆ ಬಿಡಿಸುವುದು ಸುಲಭ. ನನ್ನ ಜುಲೈ ಪುಸ್ತಕದಲ್ಲಿ ಹೆಚ್ಚುಕಡಿಮೆ ಮಳೆಯೇ ಇದೆ.

ನಾನು ಇಟ್ಟುಕೊಂಡ ನಿಯಮ ನಾಲ್ಕೇ. ದಿನಕ್ಕೊಂದು ಪುಟ, ಚಿಕ್ಕದಾದರೂ ಸರಿ. ಬಾಲ್ ಪೆನ್ ಮಾತ್ರ, ರಬ್ಬರ್ ಇಲ್ಲ. ಪುಟದ ಮೂಲೆಯಲ್ಲಿ ತಾರೀಕು. ಯಾವ ಹಾಳೆಯನ್ನೂ ಹರಿಯುವಂತಿಲ್ಲ. ಜೆಲ್ ಪೆನ್ ಬಿಟ್ಟಿದ್ದು ಅನುಭವದಿಂದ. ತೆಳು ಹಾಳೆಯಲ್ಲಿ ಅದರ ಶಾಯಿ ಹಿಂಬದಿಗೆ ಇಳಿದು ಮರುದಿನದ ಪುಟವನ್ನೂ ಕೆಡಿಸುತ್ತದೆ. ಕಾಗದ ಕೊಳ್ಳುವುದಾದರೆ ಪೊಟ್ಟಣದ ಮೇಲಿನ ಜಿಎಸ್‌ಎಂ ನೋಡಿ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ ಅದು. ಜೆರಾಕ್ಸ್ ಅಂಗಡಿಯ ಹಾಳೆ ಸಾಮಾನ್ಯವಾಗಿ 70 ಅಥವಾ 80 ಜಿಎಸ್‌ಎಂ. ಎ4 ಹಾಳೆ ಹದಿನಾರು ಸೇರಿದರೆ ಒಂದು ಚದರ ಮೀಟರ್, ಅಂದರೆ 80 ಜಿಎಸ್‌ಎಂ ಹಾಳೆ ಒಂದಕ್ಕೆ ಐದು ಗ್ರಾಂ. ನನ್ನ ಒಂದು ತಿಂಗಳ ತೂಕ ಹೊದಿಕೆ ಬಿಟ್ಟು ನಲವತ್ತು ಗ್ರಾಂ!

‘ಕ್ಲಾಸಿನಲ್ಲಿ ಗೀಚುತ್ತಿದ್ದರೆ ಪಾಠ ತಲೆಗೆ ಹೋಗುತ್ತದಾ?’ ಎಂದು ಗೆಳೆಯರು ಕೇಳುತ್ತಾರೆ. ಇದರ ಬಗ್ಗೆ ಬ್ರಿಟನ್ನಿನ ಮನೋವಿಜ್ಞಾನಿ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ನಲವತ್ತು ಜನರಿಗೆ ಬೇಸರ ತರಿಸುವ ಒಂದು ಫೋನ್ ಸಂದೇಶ ಕೇಳಿಸಿದರು. ಅರ್ಧದಷ್ಟು ಜನ ಕೇಳುತ್ತಲೇ ಕಾಗದದ ಮೇಲಿನ ಆಕಾರಗಳಿಗೆ ಪೆನ್ಸಿಲ್ ತುಂಬುತ್ತಿದ್ದರು. ನಂತರ ಪರೀಕ್ಷಿಸಿದಾಗ ಅವರು ಉಳಿದವರಿಗಿಂತ ಶೇ 29ರಷ್ಟು ಹೆಚ್ಚು ಮಾಹಿತಿ ನೆನಪಿಟ್ಟುಕೊಂಡಿದ್ದರು. ಇದನ್ನು ಓದಿ ನಾನು ಹಿಗ್ಗಿದ್ದೆ. ಆದರೆ ಗಮನಿಸಿ, ಅವರು ಮಾಡಿದ್ದು ಬರೀ ಆಕಾರ ತುಂಬುವ ಕೆಲಸ. ನನಗೂ ಅದೇ ಅನುಭವ. ಚೌಕ, ಗೆರೆ, ಸುರುಳಿ ಹಾಕುತ್ತಿದ್ದರೆ ಪಾಠ ಕಿವಿಗೆ ಬೀಳುತ್ತದೆ, ನಿದ್ದೆ ಬರುವುದಿಲ್ಲ. ಸರ್ ಅವರ ಮೀಸೆ ಬಿಡಿಸಲು ಕುಳಿತೆನೋ, ಕಿವಿ ಮುಚ್ಚಿತೆಂದೇ ಲೆಕ್ಕ. ಹಾಗಾಗಿ ಕ್ಲಾಸಿನಲ್ಲಿ ಸುರುಳಿ, ಮೀಸೆ ಏನಿದ್ದರೂ ಹಾಸ್ಟೆಲಿನಲ್ಲಿ.

ಹಾಳೆ ಹರಿಯಬಾರದೆಂಬ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೆ ದಾರಿ ತೋರಿಸಿದ್ದು ರವೀಂದ್ರನಾಥ ಟ್ಯಾಗೋರರ ಹಸ್ತಪ್ರತಿಗಳು. ಕವಿತೆ ಬರೆಯುವಾಗ ಬೇಡವಾದ ಪದಗಳ ಮೇಲೆ ಅವರು ಗೆರೆ ಎಳೆಯುತ್ತಿದ್ದರು. ಆ ಕಾಟುಗಳನ್ನು ಹಾಗೇ ಬಿಡದೆ ಒಂದಕ್ಕೊಂದು ಸೇರಿಸಿ ಹಕ್ಕಿ, ಮೃಗ, ವಿಚಿತ್ರ ಮುಖಗಳನ್ನಾಗಿ ಮಾಡುತ್ತಿದ್ದರು. ಹಾಗೆ ಬೆಳೆದ ಗೀಚುವ ಅಭ್ಯಾಸ ಚಿತ್ರಕಲೆಯಾಯಿತು. ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆದದ್ದು 1930ರಲ್ಲಿ, ಪ್ಯಾರಿಸ್‌ನಲ್ಲಿ. ಆಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅವರ ಹಸ್ತಪ್ರತಿಯ ಪುಟಗಳ ಫೋಟೊ ನೋಡಿದ ಮೇಲೆ ನಾನೂ ಹಾಗೆ ಮಾಡತೊಡಗಿದೆ. ಗೆರೆ ತಪ್ಪಿದರೆ ಅದಕ್ಕೆ ಕಾಲು, ಬಾಲ, ಕಿವಿ ಸೇರಿಸಿ ಏನಾದರೊಂದು ಪ್ರಾಣಿ ಮಾಡಿಬಿಡುವುದು. ಮೊಟ್ಟೆಯಂಥ ಚಕ್ರ ಈಗ ಬಂದರೆ ಅದು ಆಮೆಯಾಗುತ್ತದೆ.

ಈಗ ಮೇಣದ ಕಥೆ. ಕಳೆದ ಮಾರ್ಚ್‌ನಲ್ಲಿ ಮೂರನೇ ಸೆಮಿಸ್ಟರ್ ಫಲಿತಾಂಶ ಬಂತು. ಮೆಸ್ಸಿನಲ್ಲಿ ಊಟಕ್ಕೆ ಕುಳಿತಾಗ ಮೊಬೈಲಿನಲ್ಲಿ ನೋಡಿದೆ. ಗಣಿತದ ಎದುರು ಎಫ್ ಇತ್ತು. ಪಿಯುಸಿವರೆಗೆ ಯಾವ ವಿಷಯದಲ್ಲೂ ನಪಾಸಾಗಿರಲಿಲ್ಲ. ಆ ರಾತ್ರಿ ಮನೆಯಿಂದ ಫೋನ್ ಬಂದಾಗ ‘ರಿಸಲ್ಟ್ ಇನ್ನೂ ಬಂದಿಲ್ಲ’ ಎಂದುಬಿಟ್ಟೆ. ಮರುವಾರವೂ ಅದನ್ನೇ ಹೇಳಿದೆ. ಒಮ್ಮೆ ಹೇಳಿದ ಸುಳ್ಳನ್ನು ಸಾಕುವುದು ಗಣಿತಕ್ಕಿಂತ ಕಷ್ಟ. ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಗೆಳೆಯರೊಂದಿಗೆ ಮೆಸ್ಸಿಗೆ ಹೋಗುವುದನ್ನೂ ಬಿಟ್ಟೆ. ಆ ಮೂರು ವಾರ ನಾನು ನಿಜ ಹೇಳಿದ್ದು ಆ ಪುಸ್ತಕಕ್ಕೆ ಮಾತ್ರ. ಫಲಿತಾಂಶ ಬಂದ ದಿನದ ಪುಟದಲ್ಲಿ ದೊಡ್ಡದೊಂದು ಎಫ್ ಬರೆದು, ಅದಕ್ಕೆ ನಾಲ್ಕು ಕಾಲು, ಉದ್ದದ ಬಾಲ, ಎರಡು ಅಳುವ ಕಣ್ಣು ಹಚ್ಚಿದ್ದೆ.

ಯುಗಾದಿಗೆ ಊರಿಗೆ ಹೋದೆ. ಅಪ್ಪನ ಅಂಗಡಿಯಲ್ಲಿ ಚೀಲ ಇಟ್ಟು ಚಹಾ ತರಲು ಹೋಗಿ ಬರುವಷ್ಟರಲ್ಲಿ ಪುಸ್ತಕ ಅವರ ಕೈಯಲ್ಲಿತ್ತು. ಅವರು ಚಿತ್ರ ನೋಡುತ್ತಿರಲಿಲ್ಲ. ಕನ್ನಡಕ ಏರಿಸಿ ಬೆನ್ನಿನ ದಾರವನ್ನು ಉಗುರಿನಿಂದ ಎಳೆದು ನೋಡುತ್ತಿದ್ದರು.

‘ಹೊಲಿಗಿ ಸಡ್ಲ ಬಿದ್ದೈತಿ. ದಾರಕ್ಕ ಮೇಣ ಹಚ್ಚಿಲ್ಲೇನು?’

ಇಲ್ಲ ಎಂದೆ. ಮೇಣ ಹಚ್ಚಿದರೆ ದಾರ ಹೇಗೆ ಹಿಡಿದು ಕೂರುತ್ತದೆ ಎಂದು ಹೇಳುತ್ತಲೇ ಪುಟ ತಿರುವಿದರು. ರೈಲಿನಲ್ಲಿ ನಿದ್ದೆ ಹೋದ ಅಜ್ಜ, ಮೆಸ್ಸಿನ ಸಾಂಬಾರ್ ಬಕೆಟ್, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು. ನಂತರ ಕೈ ನಿಂತಿತು.

‘ಈ ಎಫ್‌ಗೆ ಯಾಕ ಬಾಲ ಬಿಡಿಸೀದಿ?’

ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಪುಟದ ಮೂಲೆಯಲ್ಲಿ ನನ್ನದೇ ಕೈಬರಹದ ತಾರೀಕಿತ್ತು. ಹೇಳಿದೆ. ಅಪ್ಪ ಏನೂ ಮಾತನಾಡದೆ ಮಶೀನಿಗೆ ಕುಳಿತು ಒಂದು ತೋಳು ಹೊಲಿದು ಮುಗಿಸಿದರು. ಆಮೇಲೆ ಬೈದರು. ನಪಾಸಾಗಿದ್ದಕ್ಕಲ್ಲ, ಮೂರು ವಾರ ಸುಳ್ಳು ಹೇಳಿದ್ದಕ್ಕೆ. ಚಹಾ ಆರಿಹೋಗಿತ್ತು. ಅದನ್ನೇ ಕುಡಿಯುತ್ತ ಅಂದರು, ‘ಬಿಚ್ಚಿ ಹೊಲಿಯೋದು ಹೊಸಾದು ಹೊಲಿಯೋದಕ್ಕಿಂತ ತಡ ಆಗತೈತಿ. ಗಿರಾಕಿಗೆ ಮೊದ್ಲ ಹೇಳಿಬಿಟ್ರ ಚಿಂತಿ ಇಲ್ಲ.’

ಗೀಚಿದ್ದರಿಂದ ಗಣಿತ ಬಂತು ಎಂದು ನಾನು ಹೇಳುವುದಿಲ್ಲ. ಗಣಿತಕ್ಕೆ ಲೆಕ್ಕ ಮಾಡಲೇಬೇಕು. ಕಳೆದ ತಿಂಗಳು ಆ ಪೇಪರ್ ಮತ್ತೆ ಬರೆದಿದ್ದೇನೆ, ಫಲಿತಾಂಶಕ್ಕೆ ಕಾಯುತ್ತಿದ್ದೇನೆ. ಆದರೆ ಒಂದು ವ್ಯತ್ಯಾಸ ನಿಜವಾಗಿಯೂ ಆಗಿದೆ. ಮೊದಲು ಲೆಕ್ಕ ತಪ್ಪಿದರೆ ಹಾಳೆ ಹರಿದು, ಪುಸ್ತಕ ಮುಚ್ಚಿ ಏಳುತ್ತಿದ್ದೆ. ಈಗ ತಪ್ಪಿದ ಲೆಕ್ಕ ಅಲ್ಲೇ ಇರುತ್ತದೆ, ಅದರ ಕೆಳಗೆ ಮತ್ತೆ ಮಾಡುತ್ತೇನೆ. ಎಲ್ಲಿ ತಪ್ಪಿದೆ ಎಂದು ಕಾಣುವುದು ಹಾಳೆ ಉಳಿದರೆ ತಾನೇ?

‘ನನಗೆ ಚಿತ್ರ ಬಿಡಿಸಲು ಬರುವುದಿಲ್ಲ’ ಎನ್ನುವವರು ಅಂಕಿಗಳಿಂದಲೇ ಶುರು ಮಾಡಿ. 1963ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್ ನೀರಸ ಉಪನ್ಯಾಸವೊಂದನ್ನು ಕೇಳುತ್ತ ಕುಳಿತಿದ್ದರು. ಬೇಸರಕ್ಕೆ ಕಾಗದದ ಚೌಕಗಳಲ್ಲಿ 1ನ್ನು ನಡುವೆ ಬರೆದು, ಸುತ್ತಲೂ ಸುರುಳಿಯಾಗಿ 2, 3, 4 ಎಂದು ತುಂಬುತ್ತ ಹೋದರು. ಅವುಗಳಲ್ಲಿ ಅವಿಭಾಜ್ಯ ಸಂಖ್ಯೆಗಳನ್ನು ಗುರುತಿಸಿದಾಗ ಅವು ಓರೆ ಗೆರೆಗಳ ಮೇಲೆ ಸಾಲಾಗಿ ಕೂರುವ ಒಲವು ಕಂಡಿತು. ಇಂದಿಗೂ ಅದನ್ನು ಉಲಾಮ್ ಸುರುಳಿ ಎನ್ನುತ್ತಾರೆ. ಕೆಲಸಕ್ಕೆ ಅರ್ಜಿ ಹಾಕಿ ಕರೆಗಾಗಿ ಕಾಯುವವರೂ, ಇಂಟರ್‌ವ್ಯೂ ಕೊಠಡಿಯ ಹೊರಗೆ ಕುಳಿತವರೂ ನೂರರವರೆಗೆ ಇದನ್ನು ಬರೆದು ನೋಡಿ. ಮೊಬೈಲ್ ಉಜ್ಜುವುದಕ್ಕಿಂತ ಬೇಗ ಹೊತ್ತು ಹೋಗುತ್ತದೆ. ಮುಂದಿನ ಪುಟಕ್ಕೆ ಎದುರಿಗಿರುವ ಕುರ್ಚಿ, ನಿಮ್ಮದೇ ಎಡಗೈ, ನೀರಿನ ಬಾಟಲಿ ಸಾಕು.

480 ರೂಪಾಯಿಯ ಪುಸ್ತಕವನ್ನು ಟ್ರಂಕಿನಿಂದ ಹೊರಗೆ ತೆಗೆದಿದ್ದೇನೆ. ಅದರ ಮೊದಲ ಖಾಲಿ ಪುಟದ ಮೇಲೆ ಬಾಲ್ ಪೆನ್ನಿನಿಂದ ಒಂದು ಅಡ್ಡಾದಿಡ್ಡಿ ಗೆರೆ ಎಳೆದೆ. ಈಗ ಅದೂ ಕೆಟ್ಟಿದೆ, ಇನ್ನು ಧೈರ್ಯವಾಗಿ ಬಳಸಬಹುದು.

ಅಪ್ಪ ತಮ್ಮ ಅಂಗಡಿಗೂ ಒಂದು ಪುಸ್ತಕ ಕೇಳಿದ್ದರು, ಅಳತೆ ಬರೆದುಕೊಳ್ಳಲು. ಮೇಣ ಹಚ್ಚಿದ ದಾರದಲ್ಲೇ ಹೊಲಿದು ಕೊಟ್ಟೆ. ಕಳೆದ ವಾರ ಊರಿಗೆ ಹೋದಾಗ ಅದನ್ನು ತಿರುವಿ ನೋಡಿದೆ. ಎದೆ, ಭುಜ, ತೋಳು ಎಂದು ಅಂಕಿಗಳ ಸಾಲು. ಒಂದು ಪುಟದ ಅಂಚಿನಲ್ಲಿ ಮಾತ್ರ, ಗಿರಾಕಿ ಬರುವುದನ್ನು ಕಾಯುತ್ತಿದ್ದಾಗ ಇರಬೇಕು, ಅಪ್ಪ ಒಂದು ಕತ್ತರಿ ಬಿಡಿಸಿದ್ದರು. ಅದರ ಒಂದು ಅಲಗು ಇನ್ನೊಂದಕ್ಕಿಂತ ಉದ್ದವಾಗಿತ್ತು. ಆ ಹಾಳೆಯನ್ನು ಅವರು ಹರಿದಿರಲಿಲ್ಲ.